ಮೇಜಿನ ಪೆನ್ನು ಪೆಟ್ಟಿಗೆ: ಮೂಲೆ ಸಂದು ಬಿಟ್ಟಿದೆ, ಇಟ್ಟರೆ ಅಲ್ಲಾಡುತ್ತೆ. ಎಲ್ಲಿ ತಪ್ಪಿದೆ?

ಹೊಸ ಉಳಿ | ಮೈಸೂರು | ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮರಗೆಲಸಕ್ಕೆ ನಾನು ಹೊಸಬ. ಮನೆಯ ವಾರ್ಡ್‌ರೋಬ್ ಕೆಲಸ ಮುಗಿದ ಮೇಲೆ 9 ಮಿ.ಮೀ. ಪ್ಲೈವುಡ್ ತುಂಡುಗಳು, ಒಂದಿಷ್ಟು 6 ಮಿ.ಮೀ. ತುಂಡುಗಳು ಅಟ್ಟದ ಮೇಲೆ ಬಿದ್ದಿದ್ದವು. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಪೆನ್ನು, ಸ್ಕೇಲು, ಕತ್ತರಿ, ಬಣ್ಣದ ಪೆನ್ಸಿಲು ಎಲ್ಲವನ್ನೂ ಒಂದು ಹಳೇ ಹಾರ್ಲಿಕ್ಸ್ ಬಾಟಲಿಗೆ ತುರುಕಿಟ್ಟಿರುತ್ತಾಳೆ. ರಬ್ಬರು ಬೇಕಾದಾಗ ಬಾಟಲಿಯನ್ನೇ ಮಗುಚೋದು. ನೋಡಲಾರದೆ ನಾನೇ ಒಂದು ಪೆಟ್ಟಿಗೆ ಮಾಡೋಣ ಅಂತ ಕೂತೆ.

ಹೊರ ಅಳತೆ 30 ಸೆಂ.ಮೀ. ಉದ್ದ, 14 ಅಗಲ, 10 ಎತ್ತರ. ಒಳಗೆ 6 ಮಿ.ಮೀ. ಪ್ಲೈನಲ್ಲಿ ಆರು ಮನೆ. ಪೆನ್ಸಿಲು, ಸ್ಕೇಲು ಹಿಡಿದು ಎಲ್ಲ ತುಂಡುಗಳನ್ನೂ ಒಟ್ಟಿಗೆ ಗುರುತು ಹಾಕಿಕೊಂಡು ಕೈ ಗರಗಸದಲ್ಲಿ ಕೊಯ್ದೆ. ಜೋಡಿಸುವಾಗ ನೋಡಿದರೆ, 14 ಸೆಂ.ಮೀ. ಅಗಲದಲ್ಲಿ ಎರಡು ಕಡೆಯ 9 ಮಿ.ಮೀ. ಪ್ಲೈ ದಪ್ಪ ಕಳೆದು ಚಿಕ್ಕ ಬದಿಗಳು 122 ಮಿ.ಮೀ. ಇರಬೇಕಿತ್ತು, ಒಂದು 122 ಇದೆ, ಇನ್ನೊಂದು 120. ಎರಡು ಮೂಲೆಯಲ್ಲಿ ಸಂದು. ಒಳಗಿನ ಅಡ್ಡ ಹಲಗೆಗಳು ಲೊಡ ಲೊಡ ಅನ್ನುತ್ತಿವೆ. ಮರದ ಪುಡಿ, ಫೆವಿಕಾಲ್ ಕಲಸಿ ಮೆತ್ತಿದೆ, ಒಣಗಿದ ಮೇಲೆ ಗಾಯಕ್ಕೆ ಮುಲಾಮು ಹಚ್ಚಿದ ಹಾಗೆ ಕಾಣುತ್ತೆ. ಎಲ್ಲಕ್ಕಿಂತ ಬೇಜಾರು ಅಂದರೆ, ಮೇಜಿನ ಮೇಲಿಟ್ಟರೆ ಅಲ್ಲಾಡುತ್ತೆ. ಮಗಳು ಬೆರಳಲ್ಲಿ ಒತ್ತಿ ನೋಡಿ "ಅಪ್ಪಾ, ಇದು ಡ್ಯಾನ್ಸ್ ಮಾಡ್ತಿದೆ" ಅಂದಳು. ಹೊಸ ಗರಗಸ ತಗೋಬೇಕಾ? ಇಲ್ಲ ನನ್ನ ಕೈಯಲ್ಲೇ ದೋಷವಾ?

ಮೂಲೆಮಟ್ಟ | ಹಾಸನ | ಭಾನುವಾರ ರಾತ್ರಿ

ಗರಗಸಕ್ಕೆ ದುಡ್ಡು ಹಾಕಬೇಡಿ. ಕೊಯ್ದಿದ್ದರಲ್ಲಿ ಅಲ್ಲ, ಗುರುತು ಹಾಕಿದ್ದರಲ್ಲಿ ತಪ್ಪಿದೆ. ನಾನು ಬಡಗಿ ಮನೇಲಿ ಹುಟ್ಟಿದವನು, ಈಗ ಹೊಟ್ಟೆಪಾಡು ಬೇರೆ. ಅಪ್ಪ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಹಲಗೆ ಮುಂದೆ ನಿಂತರೆ ಕಾಲು ಗಂಟೆ ಮಾತಿಲ್ಲ ಕತೆಯಿಲ್ಲ. ಕೊಯ್ಯೋದು ಎರಡು ನಿಮಿಷ.

ಗರಗಸದ ಹಲ್ಲಿಗೂ ಒಂದು ದಪ್ಪ ಇದೆಯಲ್ಲ, ಅದನ್ನ ಮರೆತಿದ್ದೀರಿ. ಕೈ ಗರಗಸ ಒಂದೊಂದು ಸಲ ಕೊಯ್ದಾಗಲೂ ಒಂದರಿಂದ ಒಂದೂವರೆ ಮಿ.ಮೀ. ಮರವನ್ನ ಪುಡಿ ಮಾಡಿ ನೆಲಕ್ಕೆ ಉದುರಿಸುತ್ತೆ. ಮಿಷನ್ ಆದರೆ ಎರಡು, ಮೂರು. ನೀವು ಸಾಲಾಗಿ ಗೆರೆ ಎಳೆದು ಒಂದೇ ಗೆರೆಯನ್ನ ಈ ತುಂಡಿಗೂ ಪಕ್ಕದ ತುಂಡಿಗೂ ಗಡಿ ಮಾಡಿದ್ದೀರಿ. ಆ ಪುಡಿ ಯಾರ ಲೆಕ್ಕದಿಂದ ಹೋಗಬೇಕು? ಗರಗಸ ಎತ್ತ ವಾಲಿತೋ ಆ ತುಂಡಿಂದ ಹೋಯಿತು. ಅದೇ ನಿಮ್ಮ 2 ಮಿ.ಮೀ. ಅದಕ್ಕೇ ಒಂದು ತುಂಡು ಗುರುತು ಹಾಕಿ, ಕೊಯ್ದು, ಆಮೇಲೆ ಇನ್ನೊಂದಕ್ಕೆ ಗುರುತು ಹಾಕಬೇಕು. ಗೆರೆಯ ಆಚೆ, ಬಿಸಾಡುವ ಕಡೆ ಗರಗಸ ಓಡಿಸಬೇಕು. ಕೊನೆಗೂ ಗೆರೆ ನಿಮ್ಮ ತುಂಡಿನ ಮೇಲೆ ಉಳಿದಿರಬೇಕು.

ಇನ್ನೊಂದು, ಎದುರು ಬದುರಿನ ಎರಡು ಬದಿಗಳು ಎಷ್ಟು ಉದ್ದ ಅನ್ನೋದು ಅಷ್ಟು ಮುಖ್ಯ ಅಲ್ಲ, ಎರಡೂ ಒಂದೇ ಉದ್ದ ಇರೋದು ಮುಖ್ಯ. 122 ಇರಬೇಕಾದ್ದು ಎರಡೂ 121 ಆದರೆ ಯಾರಿಗೂ ಗೊತ್ತಾಗಲ್ಲ. ಒಂದು 122, ಇನ್ನೊಂದು 120 ಆದರೆ ಪೆಟ್ಟಿಗೆ ಸೊಟ್ಟ. ಮೊದಲನೇದನ್ನ ಕೊಯ್ದು, ಅದನ್ನೇ ಹಲಗೆ ಮೇಲಿಟ್ಟು ಎರಡನೇದಕ್ಕೆ ಗುರುತು ಹಾಕಿ. ಆಮೇಲೆ ಎರಡನ್ನೂ ಜೋಡಿಸಿ ಹಿಡಿದು ತುದಿಯನ್ನ ಒಟ್ಟಿಗೆ ಉಜ್ಜಿ. ಸ್ಕೇಲು ಮತ್ತೆ ಮುಟ್ಟಲೇಬೇಡಿ.

ಪೆನ್ಸಿಲ್ ಗೆರೆನೇ ಅರ್ಧ ಮಿ.ಮೀ. ದಪ್ಪ ಇರುತ್ತೆ. ಕಟ್ಟರ್ ಬ್ಲೇಡಲ್ಲಿ ಗೀರು ಹಾಕಿ. ಪ್ಲೈನಲ್ಲಿ ಅದಕ್ಕೆ ಇನ್ನೊಂದು ಲಾಭ ಇದೆ, ಮೇಲಿನ ಪದರ ಮೊದಲೇ ಕತ್ತರಿಸಿರೋದರಿಂದ ಚಕ್ಕೆ ಏಳಲ್ಲ.

ಬಾಲ್ಕನಿ ಬಡಗಿ | ಬೆಂಗಳೂರು | ಭಾನುವಾರ ರಾತ್ರಿ

ಒಪ್ಪಿದೆ. ಆದರೂ ನೇರಕ್ಕೆ ಕೊಯ್ಯೋಕೆ ಬರದವರಿಗೆ ಮೈಟರ್ ಬಾಕ್ಸ್, ಅಂದರೆ ಗರಗಸ ವಾಲದ ಹಾಗೆ ಹಿಡಿಯೋ ಸೀಳುಗಳಿರೋ ತೊಟ್ಟಿ, ಒಂದು ವರ. ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತೆ. ನಾನು ಎಂಟನೇ ಮಹಡಿ, ಮಿಷನ್ ಶುರು ಮಾಡಿದರೆ ಕೆಳಗಿನ ಮನೆಯವರು ವಾಟ್ಸಾಪ್ ಗುಂಪಲ್ಲಿ ಶುರು ಮಾಡ್ತಾರೆ. ಅದಕ್ಕೇ ಎಲ್ಲ ಕೈಯಲ್ಲೇ. ಜಪಾನಿ ಮಾದರಿಯ ಎಳೆಯೋ ಗರಗಸ ಒಂದು ತಂದೆ, ತಳ್ಳುವಾಗ ಅಲ್ಲ, ಎಳೆಯುವಾಗ ಕೊಯ್ಯುತ್ತೆ. ಅಲಗು ತೆಳ್ಳಗೆ, ಪುಡಿನೂ ಕಡಿಮೆ.

ಹೊಸ ಉಳಿ | ಮೈಸೂರು | ಸೋಮವಾರ ಬೆಳಗ್ಗೆ

ಮೂಲೆಮಟ್ಟ ಅವರೇ, ಪುಡಿ ಲೆಕ್ಕ ಈಗ ತಲೆಗೆ ಹೋಯ್ತು. ಆದರೆ ಒಳಗಿನ ಅಡ್ಡ ಹಲಗೆ ಯಾಕೆ ಲೊಡ ಲೊಡ? ಹಲಗೆಗಳು ಒಂದಕ್ಕೊಂದು ಸಿಕ್ಕಿಕೊಳ್ಳೋ ಕಚ್ಚನ್ನ ಸರಿಯಾಗಿ 6 ಮಿ.ಮೀ. ಅಗಲಕ್ಕೇ ಕೊಯ್ದಿದ್ದೆನಲ್ಲ?

ಮೂಲೆಮಟ್ಟ | ಹಾಸನ | ಸೋಮವಾರ ಬೆಳಗ್ಗೆ

ನಿಮ್ಮ 6 ಮಿ.ಮೀ. ಪ್ಲೈ 6 ಇಲ್ಲ. ನೋಡಿ ಬೇಕಾದರೆ, ಐದೂವರೆ ಇರುತ್ತೆ. ಅಂಗಡೀಲಿ ಹೇಳೋದು ಹೆಸರು, ಅಳತೆ ಅಲ್ಲ. ಅಡ್ಡ ಹಲಗೆಯ ತುಂಡನ್ನೇ ನಿಲ್ಲಿಸಿಟ್ಟು ಅದರ ಎರಡೂ ಪಕ್ಕಕ್ಕೆ ಬ್ಲೇಡು ಎಳೀರಿ, ಆ ಎರಡು ಗೀರಿನ ಒಳಗೇ ಕೊಯ್ಯಿರಿ. ಬಿಗಿಯಾದರೆ ಒಂದೆರಡು ಸಲ ಅರ ಆಡಿಸಿದರೆ ಸಾಕು. ಆಳದ ವಿಷಯಕ್ಕೆ, ಹಲಗೆ 10 ಸೆಂ.ಮೀ. ಎತ್ತರ ಇದ್ದರೆ ಒಂದಕ್ಕೆ ಮೇಲಿಂದ ಅರ್ಧ, ಇನ್ನೊಂದಕ್ಕೆ ಕೆಳಗಿಂದ ಅರ್ಧ ಕಚ್ಚು. 50ರ ಬದಲು 51 ಮಿ.ಮೀ. ಕೊಯ್ಯಿರಿ. ಆ ಒಂದು ಮಿ.ಮೀ. ಇಲ್ಲದಿದ್ದರೆ ಒಂದರ ತಲೆ ಮೇಲೆ ಎದ್ದು ನಿಲ್ಲುತ್ತೆ.

ರಂಧಾ ರಾಯ | ಧಾರವಾಡ | ಸೋಮವಾರ ಮಧ್ಯಾಹ್ನ

ಎಲ್ಲಾರೂ ಕೊಯ್ಯೂದರ ಬಗ್ಗೆನ ಹೇಳಾಕತ್ತೀರಿ, ಕೂಡಸೂದರ ಬಗ್ಗೆ ಯಾರೂ ಹೇಳವಲ್ರಿ. ಕ್ಲ್ಯಾಂಪ್ ಇಲ್ಲ ಅಂತ ಫೆವಿಕಾಲ್ ಹಚ್ಚಿ ಮ್ಯಾಲ ಪುಸ್ತಕ ಹೇರಿ ಇಟ್ಟೀರೇನು? ಸೈಕಲ್ ಅಂಗಡಿಗೆ ಹೋಗ್ರಿ, ಹಳೆ ಟ್ಯೂಬ್ ಕೇಳ್ರಿ, ಪುಕ್ಕಟೆ ಕೊಡ್ತಾರ. ಎರಡು ಬೆರಳ ಅಗಲಕ್ಕ ಉದ್ದಕ ಕತ್ತರಿಸಿ, ಪೆಟಗಿ ಸುತ್ತಲೂ ಜಗ್ಗಿ ಜಗ್ಗಿ ಸುತ್ತರಿ. ನಾಕೂ ಮೂಲಿ ಒಮ್ಮೆಲೇ ಒತ್ತಿ ಹಿಡೀತದ. ಆಮ್ಯಾಲ ಮೂಲಿಯಿಂದ ಮೂಲಿಗೆ ಕರ್ಣ ಅಳೀರಿ. ಎರಡೂ ಕರ್ಣ ಒಂದ ಅಳತಿ ಬಂತಂದ್ರ ಪೆಟಗಿ ಚೌಕ ಐತಿ. ಒಂದು ಉದ್ದ ಬಂತಂದ್ರ ಆ ಉದ್ದ ಕರ್ಣದ ಎರಡು ಮೂಲಿ ಹಿಡಿದು ಕೈಲೆ ಅವಚ್ರಿ, ಅಂಟು ಹಸಿ ಇದ್ದಾಗ ಸರೀತದ. ಒಣಗಿದ ಮ್ಯಾಲ ದೇವ್ರು ಬಂದ್ರೂ ಸರಿಯಂಗಿಲ್ಲ.

ಇನ್ನ ಮೊಳಿ. 9 ಮಿ.ಮೀ. ಪ್ಲೈ ಅಂಚಿಗೆ ಮೊಳಿ ಬಡದ್ರ ಪದರ ಬಿಚ್ಚತಾವ. ನಮ್ಮಪ್ಪಾರು ಮೊಳಿ ತಿರುಗಾಮುರುಗಾ ಕಲ್ಲಿನ ಮ್ಯಾಲ ಇಟ್ಟು ಅದರ ಮೊನಿಗೆ ಒಂದು ಸಣ್ಣ ಏಟು ಹಾಕಿ ಮೊಂಡ ಮಾಡತಿದ್ರು. ಸಣ್ಣವ ಇದ್ದಾಗ ನನಗ ನಗು ಬರತಿತ್ತು, ಚೂಪ ಇದ್ದದ್ದನ್ನ ಯಾಕ ಮೊಂಡ ಮಾಡತಾರ ಅಂತ. ಚೂಪ ಮೊಳಿ ನಾರು ಸೀಳಿಕೋತ ಹೋಗ್ತದ, ಮೊಂಡ ಮೊಳಿ ನಾರು ಕಡಕೋತ ಹೋಗ್ತದ. ಹಿಂಗಾಗಿ ಹಲಗಿ ಸೀಳಂಗಿಲ್ಲ. ಮಾಡಿ ನೋಡ್ರಿ.

ಬಾಲ್ಕನಿ ಬಡಗಿ | ಬೆಂಗಳೂರು | ಸೋಮವಾರ ಮಧ್ಯಾಹ್ನ

ರಾಯರೇ, ಟ್ಯೂಬಿನ ಉಪಾಯ ಕೇಳಿ ನನ್ನ ನಾಲ್ಕು ಕ್ಲ್ಯಾಂಪಿನ ಬಿಲ್ಲು ನೆನಪಾಗಿ ಹೊಟ್ಟೆ ಉರೀತು.

ಸುಮ್ಮನೆ ಓದುಗ | ಸೋಮವಾರ ಸಂಜೆ

ಕ್ಷಮಿಸಿ, ನಡುವೆ ಬಾಯಿ ಹಾಕ್ತಿದ್ದೀನಿ. ಇನ್ನೂರು ಚಿಲ್ಲರೆಗೆ ಆನ್‌ಲೈನಲ್ಲಿ ಬರುತ್ತಲ್ಲ, ಇಷ್ಟೆಲ್ಲ ಒದ್ದಾಟ ಯಾಕೆ?

ಹೊಸ ಉಳಿ | ಮೈಸೂರು | ಸೋಮವಾರ ಸಂಜೆ

ಬರುತ್ತೆ, ತರಿಸಿಯೂ ಇದ್ದೆ. ಎಂಡಿಎಫ್‌ನದು, ಮರದ ನಾರು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಒಂದು ದಿನ ಅದರ ಮೇಲೆ ನೀರಿನ ಲೋಟ ಬಿತ್ತು, ಮಾರನೆ ದಿನಕ್ಕೆ ತಳ ನೆನೆಸಿದ ಬ್ರೆಡ್ಡಿನ ಹಾಗೆ ಉಬ್ಬಿತ್ತು. ಅದೂ ಅಲ್ಲದೆ ಅವಳ ಗ್ರಾಫ್ ಸ್ಕೇಲು ಅದರ ಯಾವ ಮನೆಗೂ ಹೋಗ್ತಿರಲಿಲ್ಲ. ಮತ್ತೆ ನಿಜ ಹೇಳಬೇಕಂದ್ರೆ, ಭಾನುವಾರ ಫೋನು ಕೆಳಗಿಟ್ಟು ಮೂರು ಗಂಟೆ ಕೂತಿದ್ದೇ ನನಗೆ ಲಾಭ.

ಗೆರೆಗಾರ್ತಿ | ಶಿವಮೊಗ್ಗ | ಸೋಮವಾರ ರಾತ್ರಿ

ನಾನು ಕಟ್ಟಡದ ನಕ್ಷೆ ಬರೆಯುವವಳು, ಮರ ಕೊಯ್ಯೋಕೆ ಬರಲ್ಲ. ಆದರೆ ನಿಮ್ಮ ಅಳತೆ ನೋಡಿ ಒಂದು ಹೇಳಲೇಬೇಕು ಅನ್ನಿಸಿತು. ಆರೂ ಮನೆಗೆ 10 ಸೆಂ.ಮೀ. ಆಳ ಯಾಕಿಟ್ಟಿರಿ? ಪೆನ್ನು ಸುಮಾರು 14, 15 ಸೆಂ.ಮೀ. ಉದ್ದ, ಹೊಸ ಪೆನ್ಸಿಲು ಇನ್ನೂ ಉದ್ದ, ಅವಕ್ಕೆ 10 ಸರಿ. ರಬ್ಬರು, ಮೆಂಡರು, ಪಿನ್ನು ಅಷ್ಟು ಆಳಕ್ಕೆ ಬಿದ್ದರೆ ಬೆರಳು ತಳ ಮುಟ್ಟಲ್ಲ. ಮತ್ತೆ ಮಗುಚೋದೇ. ನಿಮ್ಮ ಹಾರ್ಲಿಕ್ಸ್ ಬಾಟಲಿಯ ಕತೆಯನ್ನ ಮರದಲ್ಲಿ ಮಾಡಿದ ಹಾಗಾಯ್ತು. ಸಣ್ಣ ಸಾಮಾನಿಗೆ 3 ಸೆಂ.ಮೀ. ಆಳ ಸಾಕು. ಆ ಮನೆಗೆ ಮುಂದಿನ ಬದಿ ತಗ್ಗಿಸಿಬಿಡಿ, ಇಲ್ಲದಿದ್ದರೆ ಒಳಗೆ ಒಂದು ಸುಳ್ಳು ತಳ ಕೂರಿಸಿ.

ಕತ್ತರಿ ತಲೆಭಾರ, ಅದು ಹಿಂದಿನ ಸಾಲಿನ ಮಧ್ಯಕ್ಕೆ. ತುದಿಯಲ್ಲಿಟ್ಟರೆ ಹಗುರ ಪೆಟ್ಟಿಗೆ ಆ ಕಡೆಗೆ ವಾಲುತ್ತೆ. ಮೊಬೈಲಿಗೆ ಸೀಳು ಬಿಡೋದಾದರೆ ಕವರ್ ಸಮೇತ ಅಳೀರಿ. ಮಗಳು ಎಡಚಿನಾ ಅಂತಲೂ ನೋಡಿ. ನನ್ನ ತಂಗಿ ಎಡಚಿ, ಎಲ್ಲರೂ ಅವಳಿಗೆ ಬಲಗೈಯವರ ಮೇಜು ಜೋಡಿಸಿ ಕೊಡ್ತಿದ್ದರು.

ಪ್ಲೈ ಮುಟ್ಟುವ ಮೊದಲು ರಟ್ಟಿನಲ್ಲಿ ಒಂದು ಮಾಡಿ. ಚಪ್ಪಲಿ ಡಬ್ಬ ಕತ್ತರಿಸಿ ಟೇಪು ಅಂಟಿಸಿದರೆ ಅರ್ಧ ಗಂಟೆ ಕೆಲಸ. ಒಂದು ವಾರ ಅವಳ ಮೇಜಿನ ಮೇಲೆ ಬಿಡಿ. ಯಾವ ಮನೆ ಖಾಲಿ ಉಳಿಯುತ್ತೆ, ಯಾವುದು ತುಂಬಿ ಹೊರಗೆ ಚೆಲ್ಲುತ್ತೆ ಅಂತ ಅದೇ ಹೇಳುತ್ತೆ.

ಮೂಲೆಮಟ್ಟ | ಹಾಸನ | ಸೋಮವಾರ ರಾತ್ರಿ

ಇದನ್ನ ನಾನು ಮೊದಲು ಹೇಳಬೇಕಿತ್ತು. ಅಪ್ಪ ಗ್ರಾಹಕರ ಮನೆಗೆ ಹೋಗಿ ಪಾತ್ರೆ ಅಳೆದುಕೊಂಡು ಬಂದೇ ಅಡುಗೆಮನೆ ಕಪಾಟು ಮಾಡ್ತಿದ್ದರು.

ಕರಾವಳಿ ಕೊಡತಿ | ಉಡುಪಿ | ಮಂಗಳವಾರ

ಪ್ಲೈನಲ್ಲಿ ಮಾಡಿದ್ದು ಒಳ್ಳೇದಾಯ್ತು ಮಾರಾಯ್ರೆ. ನನ್ನ ಕತೆ ಕೇಳಿ. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಹೋಗ್ಲಿಕ್ಕೆ ಆಗುದಿಲ್ಲ ಅಂತ ಹೆಬ್ಬಲಸಿನ ಹಲಗೆಯಲ್ಲಿ ಒಂದು ಪೆಟ್ಟಿಗೆ ಮಾಡಿದ್ದೆ. ತಳಕ್ಕೂ ಅದೇ ಮರ, ನಾಲ್ಕು ಸುತ್ತಲೂ ಗಟ್ಟಿಯಾಗಿ ಅಂಟು ಹಾಕಿ ಕೂರಿಸಿದೆ. ಒಂದು ಕೂದಲು ಹೋಗುವಷ್ಟೂ ಸಂದಿಲ್ಲ. ರಾಯಚೂರಲ್ಲಿರುವ ಅಕ್ಕನಿಗೆ ಕೊಟ್ಟೆ. ಏಪ್ರಿಲ್ ತಿಂಗಳಲ್ಲಿ ಅವಳ ಫೋನು, ರಾತ್ರಿ ಟಪ್ ಅಂತ ಸದ್ದಾಯ್ತಂತೆ, ಬೆಳಿಗ್ಗೆ ನೋಡಿದರೆ ತಳ ನಡುವಿನಲ್ಲೇ ಸೀಳಿತ್ತು.

ಮರ ಉದ್ದಕ್ಕೆ ಹೆಚ್ಚುಕಡಿಮೆ ಆಗುದು ಲೆಕ್ಕಕ್ಕಿಲ್ಲ. ನಾರಿಗೆ ಅಡ್ಡಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಮ್ಮ ಮಳೆಯ ತೇವ ಕುಡಿದ ಹಲಗೆ ರಾಯಚೂರಿನ ಬಿಸಿಲಿಗೆ ಕುಗ್ಗಲಿಕ್ಕೆ ನೋಡಿತು, ನಾಲ್ಕು ಕಡೆ ಅಂಟು ಬಿಡಲಿಲ್ಲ. ಎಲ್ಲಿಗೆ ಹೋಗುದು ಅದು? ಈಗ ನಾನು ಮರದ ತಳವನ್ನು ಬದಿಯಲ್ಲಿ ಉದ್ದಕ್ಕೆ ಕೊರೆದ ತೋಡಿನಲ್ಲಿ ಅಂಟಿಲ್ಲದೆ ಸುಮ್ಮನೆ ಕೂರಿಸುತ್ತೇನೆ, ಆಚೀಚೆ ಸ್ವಲ್ಪ ಜಾಗ ಬಿಟ್ಟು. ಪ್ಲೈಯಲ್ಲಿ ಒಂದರ ಮೇಲೆ ಒಂದು ಪದರದ ನಾರು ಅಡ್ಡ ಅಡ್ಡ ಇರುವ ಕಾರಣ ಈ ಕುಣಿತ ಇಲ್ಲ. ತಳಕ್ಕೆ ಅದೇ ಬೆಸ್ಟ್.

ಇನ್ನೊಂದು ಮರ್ಯಾದೆ ಹೋದ ವಿಷಯ. ಅದೇ ಪೆಟ್ಟಿಗೆಗೆ ಮಿಂಚಲಿ ಅಂತ ಮನೆಯ ತೆಂಗಿನೆಣ್ಣೆ ಉಜ್ಜಿದ್ದೆ. ತೆಂಗಿನೆಣ್ಣೆ ಒಣಗುವ ಎಣ್ಣೆ ಅಲ್ಲ. ತಿಂಗಳುಗಟ್ಟಲೆ ಜಿಡ್ಡು ಜಿಡ್ಡು, ಧೂಳು ಅಂಟಿ, ಮತ್ತೆ ಒಂದು ಕಮಟು ವಾಸನೆ. ಅಕ್ಕ ಪಾಪ, ಅದನ್ನು ಹೇಳ್ಲೇ ಇಲ್ಲ, ಭಾವ ಹೇಳಿದರು.

ಅರಗು ಬಣ್ಣ | ಚನ್ನಪಟ್ಟಣ | ಮಂಗಳವಾರ ರಾತ್ರಿ

ಎಣ್ಣೆ ಬೇಕೇ ಬೇಕು ಅಂದ್ರೆ ಅಗಸೆ ಎಣ್ಣೆ, ಅಂದರೆ ಲಿನ್ಸೀಡ್ ತಗೊಳ್ಳಿ. ಗಾಳಿಗೆ ಒಣಗಿ ಗಟ್ಟಿಯಾಗುತ್ತೆ. ಆದರೆ ಒಂದು ಎಚ್ಚರಿಕೆ, ಇದನ್ನ ತಮಾಷೆಗೆ ಹೇಳ್ತಿಲ್ಲ. ಲಿನ್ಸೀಡ್ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ, ಮುದ್ದೆಯ ಒಳಗಿನ ಬಿಸಿಗೆ ಹೊರಗೆ ಹೋಗೋಕೆ ದಾರಿ ಇರಲ್ಲ, ಬೆಂಕಿಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತೆ. ಬಯಲಲ್ಲಿ ಹಗ್ಗಕ್ಕೆ ಹರಡಿ ಒಣಗಿಸಿ, ಇಲ್ಲ ನೀರಿನ ಬಕೆಟ್ಟಿಗೆ ಹಾಕಿ.

ನಮ್ಮೂರಿನವನು ಅಂದ ತಕ್ಷಣ ಎಲ್ಲರೂ ಕೇಳೋದು, ಬೊಂಬೆಗೆ ಹಾಕ್ತೀರಲ್ಲ, ಆ ಬಣ್ಣ ನಮ್ಮ ಪೆಟ್ಟಿಗೆಗೂ ಹಾಕಬಹುದಾ ಅಂತ. ಆಗಲ್ಲ. ಬೊಂಬೆ ಕಡಸಲು ಯಂತ್ರದ ಮೇಲೆ ಗಿರಗಿರ ತಿರುಗುತ್ತಿರುತ್ತೆ, ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ತರ್ತಾರೆ. ಚಪ್ಪಟೆ ಹಲಗೆ ತಿರುಗಲ್ಲವಲ್ಲ. ಹಾಲೆ ಮರದಲ್ಲಿ ದುಂಡಗಿನ ಪೆನ್ನು ಲೋಟ ಕಡಿಸಿದರೆ ಆಗುತ್ತೆ, ಅದು ಬೇರೆ ಮಾತು. ನಿಮ್ಮ ಪೆಟ್ಟಿಗೆಗೆ ಅದೇ ಅರಗಿನ ಹಪ್ಪಳವನ್ನ, ಅಂದರೆ ತೆಳು ಚಕ್ಕೆಯನ್ನ, ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಹಚ್ಚಿ. ಫ್ರೆಂಚ್ ಪಾಲಿಷ್ ಅಂತಾರಲ್ಲ, ಅದೇ. ಬೇಗ ಒಣಗುತ್ತೆ, ಚೆನ್ನಾಗಿ ಕಾಣುತ್ತೆ. ಬಿಸಿ ಕಾಫಿ ಲೋಟ ಮಾತ್ರ ಇಡಬಾರದು, ಬಿಳಿ ಉಂಗುರ ಕೂರುತ್ತೆ.

ಅದಕ್ಕೂ ಮುಂಚೆ ಹೊರಗೆ ಬಂದ ಫೆವಿಕಾಲ್ ಒರೆಸಿರಬೇಕು. ಅಂಟು ಕುಡಿದ ಜಾಗ ಪಾಲಿಷ್ ಕುಡಿಯಲ್ಲ, ಮಚ್ಚೆ ಮಚ್ಚೆ ಉಳಿಯುತ್ತೆ. ಉಪ್ಪು ಕಾಗದ (ಸ್ಯಾಂಡ್ ಪೇಪರ್) 120ನೇ ನಂಬರು, ಆಮೇಲೆ 180, ಆಮೇಲೆ 220, ಯಾವಾಗಲೂ ನಾರಿನ ದಿಕ್ಕಿಗೆ. ಪ್ಲೈ ಮೇಲೆ ಜೋರು ಮಾಡಬೇಡಿ, ಮೇಲಿನ ಪದರ ಈರುಳ್ಳಿ ಸಿಪ್ಪೆಯಷ್ಟೇ ಇರೋದು.

ಕಾಫಿ ಕಣಿವೆ | ಚಿಕ್ಕಮಗಳೂರು | ಬುಧವಾರ

ಪ್ಲೈ ಸಾಕಾದ ಮೇಲೆ ಸಿಲ್ವರ್ ಓಕ್ ಹಿಡಿಯಿರಿ. ನಮ್ಮ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿಗೆ ಅಂತ ಬೆಳೆಸೋ ಮರ, ಮೂಲ ಆಸ್ಟ್ರೇಲಿಯಾದ್ದು. ಹೆಸರಿಗೆ ಓಕ್, ಓಕ್ ಜಾತಿಯೇ ಅಲ್ಲ. ಸಾಮಿಲ್ಲಿನಲ್ಲಿ ತುಂಡು ಹಲಗೆ ಕಡಿಮೆಗೆ ಸಿಗುತ್ತೆ, ಕೈ ಗರಗಸಕ್ಕೆ ಮೆತ್ತಗೆ. ಸರಿಯಾದ ಮಗ್ಗುಲಿಗೆ ಸೀಳಿದ ಹಲಗೆಯಲ್ಲಿ ಬೆಳಕಿಗೆ ಹಿಡಿದರೆ ಮೀನಿನ ಹುರುಪೆ ಥರ ಚುಕ್ಕೆ ಮಿಂಚುತ್ತೆ, ಅದನ್ನ ನೋಡೋಕೇ ನಾನು ಮರ ಹೆರೆಯೋ ಹತ್ತರಿ ಹಿಡಿಯೋದು. ಎರಡು ತೊಂದರೆ. ಪುಡಿ ಕೆಲವರಿಗೆ ಮೈಗೆ ತುರಿಕೆ ಎಬ್ಬಿಸುತ್ತೆ, ತುಂಬುತೋಳು ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ. ಎರಡನೇದು ಕುಟ್ಟೆ ಹುಳ. ಬಿಳಿ ಭಾಗ ಕಂಡರೆ ಬಿಡಲ್ಲ. ಒಂದು ದಿನ ಬೆಳಗ್ಗೆ ಪೆಟ್ಟಿಗೆ ಕೆಳಗೆ ಗೋಧಿ ಹಿಟ್ಟಿನ ಹಾಗೆ ಪುಡಿ ಬಿದ್ದಿತ್ತು ಅಂದರೆ ಒಳಗೆ ಬಾಡಿಗೆದಾರರು ಇದ್ದಾರೆ ಅಂತಲೇ ಅರ್ಥ.

ತೇಗದ ತುಂಡು ಸಿಕ್ಕಿದರೆ ಬೇಡ ಅನ್ನಬೇಡಿ. ಆದರೆ ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಅಂಟು ಹಾಕೋ ಮೊದಲು ಆ ಜಾಗವನ್ನ ಥಿನ್ನರಿನಲ್ಲಿ ಒರೆಸಿ, ಇಲ್ಲವೇ ಆಗಷ್ಟೇ ಉಜ್ಜಿ.

ಬಾಲ್ಕನಿ ಬಡಗಿ | ಬೆಂಗಳೂರು | ಬುಧವಾರ

ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರನೂ ಆಗುತ್ತೆ, ಕಾರ್ಖಾನೆಗಳ ಹತ್ತಿರ ಗುಜರಿಯಲ್ಲಿ ರಾಶಿ ರಾಶಿ ಇರುತ್ತೆ. ಅದರ ಮೇಲೆ ಸುಟ್ಟ ಮುದ್ರೆ ಹುಡುಕಿ, ತೆನೆಯ ಚಿತ್ರ ಇರುತ್ತೆ. ಪಕ್ಕದಲ್ಲಿ ಎಚ್‌ಟಿ ಅಂತಿದ್ದರೆ ಹುಳು ಸಾಯಲಿ ಅಂತ ಕಾಯಿಸಿದ್ದು, ಮರದ ಒಳಗಿನವರೆಗೂ 56 ಡಿಗ್ರಿ, 30 ನಿಮಿಷ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಮಕ್ಕಳ ಮೇಜಿಗೆ ಬೇಡ. ಮುದ್ರೆಯೇ ಇಲ್ಲದ್ದು, ಎಣ್ಣೆ ಕಲೆ ಇರೋದು ಕೂಡ ಬೇಡ. ಮೊಳೆ ಎಲ್ಲ ಕಿತ್ತಿದ್ದೀರಾ ಅಂತ ಎರಡು ಸಲ ನೋಡಿ, ನನ್ನ ಎಳೆಯೋ ಗರಗಸದ ಹನ್ನೊಂದು ಹಲ್ಲು ಹಾಗೇ ಹೋಗಿದ್ದು.

ಹೊಸ ಉಳಿ | ಮೈಸೂರು | ಎರಡು ವಾರದ ನಂತರ, ಭಾನುವಾರ

ಎಲ್ಲರಿಗೂ ವರದಿ ಒಪ್ಪಿಸಬೇಕು.

ಗೆರೆಗಾರ್ತಿ ಅವರು ಹೇಳಿದ ಹಾಗೆ ಮೊದಲು ರಟ್ಟಿನದು ಮಾಡಿದೆ. ನಾಲ್ಕೇ ದಿನಕ್ಕೆ ಗೊತ್ತಾಯ್ತು, ಆರು ಮನೆ ಅವಳಿಗೆ ಬೇಡ, ನಾಲ್ಕು ಸಾಕು. ಒಂದು ಮನೆಯಲ್ಲಿ ಪೆನ್ನಿನ ಬದಲು ಹುಣಸೆಹಣ್ಣಿನ ಮಿಠಾಯಿ ಸಿಕ್ಕಿತು, ಅದಕ್ಕೂ ಜಾಗ ಇಟ್ಟೆ. ಮುಂದಿನ ಬದಿ ತಗ್ಗಿಸಿದೆ. ಎಡಚಿ ಅಲ್ಲ, ಬಲಗೈಯವಳೇ, ಆದರೆ ಬಲಗಡೆ ಟೇಬಲ್ ಲ್ಯಾಂಪ್ ಇರೋದರಿಂದ ಪೆಟ್ಟಿಗೆ ಎಡಕ್ಕೇ ಬೇಕಂತೆ. ಇದನ್ನ ಕೇಳದೆ ಮಾಡಿದ್ದರೆ ತಗ್ಗಿನ ಮನೆ ಉಲ್ಟಾ ಕಡೆಗೆ ಬರ್ತಿತ್ತು.

ಒಂದೊಂದೇ ತುಂಡು ಗುರುತು ಹಾಕಿ ಕೊಯ್ದೆ. ಬದಿಗಳನ್ನ ಜೋಡಿ ಹಿಡಿದು ಉಜ್ಜಿದೆ. ಪ್ಲೈ ಅಳೆದೆ, 5.4 ಮಿ.ಮೀ. ಇತ್ತು! ರಾಯರ ಸೈಕಲ್ ಟ್ಯೂಬು ಸುತ್ತಿ ಕರ್ಣ ಅಳೆದರೆ 3 ಮಿ.ಮೀ. ವ್ಯತ್ಯಾಸ, ಉದ್ದ ಕರ್ಣ ಹಿಡಿದು ಅವುಚಿದೆ, ಸರಿಯಾಯ್ತು. ಮೊಳೆ ಮೊಂಡ ಮಾಡುವಾಗ ಹೆಂಡತಿ ಬಂದು ನೋಡಿ ಏನೂ ಹೇಳದೆ ಒಳಗೆ ಹೋದಳು.

ಆದರೆ ತಮಾಷೆ ಕೇಳಿ. ಇಷ್ಟೆಲ್ಲ ಮಾಡಿ ಮೇಜಿನ ಮೇಲಿಟ್ಟರೆ ಹೊಸದೂ ಅಲ್ಲಾಡಿತು. ತಲೆ ಕೆಟ್ಟುಹೋಯ್ತು. ಕೊನೆಗೆ ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲಿಟ್ಟು ನೋಡಿದೆ. ಬಂಡೆಯ ಹಾಗೆ ಕೂತಿದೆ! ಹಳೇದನ್ನ ತಂದಿಟ್ಟೆ, ಅದು ಸ್ವಲ್ಪ ಅಲ್ಲಾಡಿತು, ಆದರೆ ನಾನು ಅಂದುಕೊಂಡಷ್ಟಲ್ಲ. ಮೇಜಿನ ಹಲಗೆಯೇ ನಡುವೆ ಉಬ್ಬಿದೆ. ಅವತ್ತು ನೀರಿನ ಲೋಟ ಬಿದ್ದಿದ್ದು ಪೆಟ್ಟಿಗೆಯನ್ನ ಮಾತ್ರ ಹಾಳು ಮಾಡಿರಲಿಲ್ಲ.

ಮೂಲೆಮಟ್ಟ | ಹಾಸನ | ಭಾನುವಾರ

ಹಳೇದನ್ನ ಬಿಸಾಡಬೇಡಿ. ಅದೇ ಗ್ರಾನೈಟ್ ಕಟ್ಟೆ ಮೇಲೆ 80ನೇ ನಂಬರಿನ ಉಪ್ಪು ಕಾಗದ ಟೇಪು ಹಾಕಿ ಅಂಟಿಸಿ, ಪೆಟ್ಟಿಗೆ ತಳವನ್ನ ಅದರ ಮೇಲೆ ಎಂಟರ ಆಕಾರಕ್ಕೆ ಉಜ್ಜಿ. ತಳಕ್ಕೆ ಪೆನ್ಸಿಲಲ್ಲಿ ಗೀಚಿಕೊಂಡಿರಿ, ಗೀಚಿದ್ದು ನಾಲ್ಕೂ ಅಂಚಲ್ಲಿ ಅಳಿಸಿತು ಅಂದರೆ ಮಟ್ಟ ಆಯ್ತು. ಮನೆಯವರು ಇಲ್ಲದಾಗ ಮಾಡಿ. ಹೊಸದಕ್ಕೆ ಉಬ್ಬಿದ ಮೇಜಿನ ಮೇಲೆ ಕೂರೋಕೆ ನಾಲ್ಕು ಮೂಲೆಗೆ ದಪ್ಪ ಫೆಲ್ಟ್ ಬಿಲ್ಲೆ ಅಂಟಿಸಿದರೆ ಆಯ್ತು, ನಡು ಮೇಜಿಗೆ ತಾಗಲ್ಲ.

ಕರಾವಳಿ ಕೊಡತಿ | ಉಡುಪಿ | ಭಾನುವಾರ

ಎಣ್ಣೆ ಎಂತದು ಹಚ್ಚಿದಿರಿ?

ಹೊಸ ಉಳಿ | ಮೈಸೂರು | ಭಾನುವಾರ

ಅರಗಿನ ಪಾಲಿಷ್, ಮೂರು ಕೈ. ನಿಮ್ಮ ಭಾವನ ಮಾತು ನೆನಪಿತ್ತು.

ಒಂದೇ ಒಂದು ಕೊರತೆ ಉಳಿದಿದೆ. ಜಾಮಿಟ್ರಿ ಬಾಕ್ಸು ಒಳಗೆ ಹೋಗ್ತಿಲ್ಲ, ಬರೀ 4 ಮಿ.ಮೀ. ಕಡಿಮೆ. ರಟ್ಟಿನದು ಮಾಡಿದ ವಾರ ಅವಳು ಅದನ್ನ ಸ್ಕೂಲಲ್ಲೇ ಬಿಟ್ಟು ಬಂದಿದ್ದಳು.

ರಂಧಾ ರಾಯ | ಧಾರವಾಡ | ಭಾನುವಾರ ರಾತ್ರಿ

ಪೆಟಗಿ ಕೊರಿಯಾಕ ಹೋಗಬ್ಯಾಡ್ರಿ. ಸಣ್ಣ ಜಾಮಿಟ್ರಿ ಬಾಕ್ಸ ತಗೊಂಡ ಬರ್ರಿ.